ಪ್ಯಾಪ್ ಸ್ಮಿಯರ್ ನೋಡುವುದು ಕೊರಳನ್ನು, ಒಳಪದರವನ್ನಲ್ಲ

‘ಗರ್ಭಕೋಶದ ಕ್ಯಾನ್ಸರ್ ಪತ್ತೆಗೆ ಪ್ಯಾಪ್ ಸ್ಮಿಯರ್’ ಎಂಬ ಸಾಲು ತಪಾಸಣಾ ಶಿಬಿರಗಳ ಫಲಕಗಳಲ್ಲಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪ್ಯಾಪ್ ಸ್ಮಿಯರ್ ಎಂದರೆ ಗರ್ಭಕೋಶದ ಕೊರಳಿನ (ಸರ್ವಿಕ್ಸ್) ಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆ, ಗರ್ಭಕೋಶದ ಒಳಪದರವನ್ನು ಅದು ನೋಡುವುದಿಲ್ಲ. ಹೇಗೋ ಹೇಳಿದ್ದಾರೆ ಎಂದು ಬಿಟ್ಟುಬಿಡುವ ತಪ್ಪು ಇದಲ್ಲ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ರಕ್ತ ಕಂಡವರು ‘ಹೋದ ವರ್ಷ ಪ್ಯಾಪ್ ಮಾಡಿಸಿದ್ದೆ, ನಾರ್ಮಲ್ ಬಂದಿತ್ತು’ ಎಂದು ಸುಮ್ಮನಾಗುತ್ತಾರೆ. ಆ ನೆಮ್ಮದಿಯನ್ನು ಅವರಿಗೆ ಕೊಟ್ಟದ್ದು ಈ ಸಾಲೇ.

ಗರ್ಭಕೋಶದ ಕೊರಳಿನಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆ, ಗರ್ಭಕೋಶದ ಒಳಪದರವಾದ ಎಂಡೋಮೆಟ್ರಿಯಂನಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆ. ಮೊದಲನೆಯದಕ್ಕೆ ಹೆಚ್ಚುಕಡಿಮೆ ಯಾವಾಗಲೂ ಎಚ್‌ಪಿವಿ ವೈರಸ್ ಕಾರಣ. ಎರಡನೆಯದಕ್ಕೂ ಆ ವೈರಸ್ಸಿಗೂ ನಂಟಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನಿನ ತಡೆಯಿಲ್ಲದೆ ಈಸ್ಟ್ರೋಜನ್ ಹಾರ್ಮೋನು ಒಂದೇ ಸಮನೆ ಒಳಪದರವನ್ನು ಬೆಳೆಸುತ್ತಾ ಹೋಗುವುದು ಅಲ್ಲಿನ ಮುಖ್ಯ ಕಾರಣ. ಹಾಗಾಗಿ ಬೊಜ್ಜು, ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವ ಅಂಡಾಶಯದ ತೊಂದರೆ), ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಇವೆಲ್ಲ ಅಪಾಯದ ಪಟ್ಟಿಯಲ್ಲಿ ಬರುತ್ತವೆ. ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಮತ್ತೊಂದು ಕಾರಣ. ಎಚ್‌ಪಿವಿ ಲಸಿಕೆಯಾಗಲಿ ಎಚ್‌ಪಿವಿ ಪರೀಕ್ಷೆಯಾಗಲಿ ಒಳಪದರದ ಕ್ಯಾನ್ಸರ್‌ನ ವಿಷಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಕೊರಳಿನ ಕ್ಯಾನ್ಸರ್ ಬಹಳ ಹೆಚ್ಚು. ಎರಡನ್ನೂ ‘ಗರ್ಭಕೋಶದ ಕ್ಯಾನ್ಸರ್’ ಎಂದೇ ಕರೆಯುವ ರೂಢಿ ಬಹುಶಃ ಅದರಿಂದಲೇ ಬಂದಿರಬೇಕು.

ಈ ಗೊಂದಲಕ್ಕೆ ಇತಿಹಾಸದಲ್ಲೂ ಬೇರಿದೆ. ಗ್ರೀಸ್‌ನ ಕೀಮಿ ಎಂಬ ಊರಿನಲ್ಲಿ 1883ರಲ್ಲಿ ಹುಟ್ಟಿ, 1913ರಲ್ಲಿ ಅಮೆರಿಕಕ್ಕೆ ಹೋದ ಜಾರ್ಜ್ ಪಾಪಾನಿಕೊಲಾವು (‘ಪ್ಯಾಪ್’ ಎಂಬ ಹೆಸರು ಬಂದದ್ದು ಇವರಿಂದಲೇ) ಮೊದಲು ಅಧ್ಯಯನ ಮಾಡಿದ್ದು ಗಿನಿಯಿಲಿಗಳ ಋತುಚಕ್ರವನ್ನು. ಯೋನಿಯ ಸ್ರಾವವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಜೀವಕೋಶಗಳು ದಿನದಿಂದ ದಿನಕ್ಕೆ ಬದಲಾಗುವುದನ್ನು ನೋಡುತ್ತಿದ್ದರು. ಅದೇ ವಿಧಾನವನ್ನು ಮಹಿಳೆಯರಲ್ಲಿ ಬಳಸಿದಾಗ ಕ್ಯಾನ್ಸರ್ ಕೋಶಗಳು ಕಂಡವು. 1928ರಲ್ಲಿ ಅದನ್ನು ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1943ರಲ್ಲಿ ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಅವರೊಂದಿಗೆ ಹೊರತಂದ ಗ್ರಂಥ ಲೋಕದ ಕಣ್ಣು ತೆರೆಸಿತು. ಆ ಗ್ರಂಥದ ಹೆಸರಿನಲ್ಲಿ ಇದ್ದದ್ದೇ ‘ಗರ್ಭಕೋಶದ ಕ್ಯಾನ್ಸರ್’! ಅಂದು ಅದು ತಪ್ಪೂ ಆಗಿರಲಿಲ್ಲ. ಅವರು ಯೋನಿಯಲ್ಲಿ ಶೇಖರವಾದ ಸ್ರಾವವನ್ನು ತೆಗೆಯುತ್ತಿದ್ದರು, ಕೊರಳಿನಿಂದ ಉದುರಿದ ಕೋಶಗಳ ಜೊತೆಗೆ ಒಳಪದರದಿಂದ ಕಳಚಿ ಇಳಿದುಬಂದ ಕೋಶಗಳೂ ಅದರಲ್ಲಿ ಸೇರಿರುತ್ತಿದ್ದವು.

ಕೆನಡಾದ ವೈದ್ಯ ಅರ್ನೆಸ್ಟ್ ಏರ್ 1947ರಲ್ಲಿ ಮರದ ಚಪ್ಪಟೆ ಕಡ್ಡಿಯಿಂದ ಕೊರಳನ್ನೇ ನೇರವಾಗಿ ಸವರಿ ತೆಗೆಯುವ ಕ್ರಮ ತಂದ ಮೇಲೆ ಪರೀಕ್ಷೆಯ ಗಮನ ಪೂರ್ತಿಯಾಗಿ ಕೊರಳಿಗೆ ತಿರುಗಿತು. ಕೊರಳಿನ ಕ್ಯಾನ್ಸರ್ ಪತ್ತೆಗೆ ಅದರಿಂದ ಆದ ಉಪಕಾರ ದೊಡ್ಡದು. ಇಂದಿನ ಬ್ರಷ್ಷೂ ಅಷ್ಟೇ, ಕೊರಳಿನ ಬಾಯಿ ಮತ್ತು ಅದರ ಕಾಲುವೆಯನ್ನು ಸವರಿ ಹಿಂದಿರುಗುತ್ತದೆ. ಗರ್ಭಕೋಶದ ಒಳಗೆ ಹೋಗುವುದೇ ಇಲ್ಲ. ಒಳಪದರದಲ್ಲಿ ಕ್ಯಾನ್ಸರ್ ಇರುವವರಿಗೆ ಪ್ಯಾಪ್ ಮಾಡಿದರೆ ಸುಮಾರು ಅರ್ಧದಷ್ಟು ಮಂದಿಯ ವರದಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಉಳಿದವರಲ್ಲಿ ಸಿಗುವ ಸುಳಿವು ಕೂಡ ತಾನಾಗಿ ಉದುರಿ ಕೆಳಗೆ ಬಂದ ಕೋಶಗಳಿಂದ ಸಿಕ್ಕಿದ್ದು. ಸಿಕ್ಕರೆ ಲಾಭ, ಸಿಗದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ.

ಹಾಗೆ ಸಿಕ್ಕ ಸುಳಿವನ್ನು ಮಾತ್ರ ಬಿಡಬಾರದು. ವರದಿಯ ಮೇಲುಗಡೆ ‘ಎನ್‌ಐಎಲ್‌ಎಂ’ ಎಂದಿರುತ್ತದೆ. ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಕಾಣಲಿಲ್ಲ ಎಂದು ಅದರರ್ಥ. ಕೆಳಗೆ ಒಂದು ಸಾಲಿನಲ್ಲಿ ‘ಎಂಡೋಮೆಟ್ರಿಯಲ್ ಕೋಶಗಳು ಕಂಡುಬಂದಿವೆ’ ಎಂದೂ ಇರಬಹುದು. ಬಹಳ ಜನ ಮೇಲಿನದನ್ನು ಓದಿ ಹಾಳೆ ಮಡಚಿಡುತ್ತಾರೆ. ಪ್ಯಾಪ್ ವರದಿ ಬರೆಯಲು ಬಳಸುವ ಬೆಥೆಸ್ಡಾ ಪದ್ಧತಿಯ ಪ್ರಕಾರ 45 ವರ್ಷ ದಾಟಿದವರಲ್ಲಿ ಈ ಕೋಶಗಳು ನೋಡಲು ಸಾಧುವಾಗಿಯೇ ಇದ್ದರೂ ನಮೂದಿಸಬೇಕು. 2001ರಲ್ಲಿ ಈ ವಯಸ್ಸಿನ ಗೆರೆ 40 ಇತ್ತು, 2014ರಲ್ಲಿ 45ಕ್ಕೆ ಏರಿಸಿದರು. ಮುಟ್ಟು ನಿಂತವರಲ್ಲಿ ಆ ಸಾಲು ಕಂಡರೆ ಒಳಪದರವನ್ನು ಪರೀಕ್ಷಿಸಲೇಬೇಕು. ‘ಅಸಹಜ ಗ್ರಂಥಿಕೋಶಗಳು’ ಎಂದಿದ್ದರೆ, 35 ದಾಟಿದವರಲ್ಲಿ ಕೊರಳಿನ ಜೊತೆಗೆ ಒಳಪದರದ ಮಾದರಿಯನ್ನೂ ತೆಗೆಯಬೇಕು.

ಹಾಗಿದ್ದರೆ ಒಳಪದರದಿಂದಲೇ ಕೋಶಗಳನ್ನು ಸವರಿ ತಂದು ನೋಡಿದರಾಗದೆ? ಜಪಾನಿನಲ್ಲಿ ಹಾಗೆಯೇ ಮಾಡುತ್ತಾರೆ. 1987ರಿಂದ ಅಲ್ಲಿ ಅಪಾಯ ಹೆಚ್ಚಿರುವ ಮಹಿಳೆಯರಿಗೆ ಈ ಪರೀಕ್ಷೆ ಸರ್ಕಾರದ ತಪಾಸಣೆಯಲ್ಲೇ ಸೇರಿದೆ. ಇಂತಹ ವರದಿ ಬರೆಯುವ ಕ್ರಮಕ್ಕೆ ಯೊಕೊಹಾಮ ನಗರದ ಹೆಸರೇ ಇದೆ. ಬೇರೆಡೆ ಇದು ಹೆಚ್ಚು ಬೇರೂರಲಿಲ್ಲ, ಅದಕ್ಕೆ ಗಟ್ಟಿ ಕಾರಣವೂ ಇದೆ. ಒಳಪದರದ ಗ್ರಂಥಿಗಳು ತಿಂಗಳುದ್ದಕ್ಕೂ ರೂಪ ಬದಲಿಸುತ್ತಿರುತ್ತವೆ. ಬರಿಯ ಅತಿಬೆಳವಣಿಗೆ ಯಾವುದು, ಆರಂಭದ ಕ್ಯಾನ್ಸರ್ ಯಾವುದು ಎಂದು ಹೇಳಲು ಗ್ರಂಥಿಗಳು ಎಷ್ಟು ಒತ್ತಾಗಿವೆ, ನಡುವಿನ ಅಂಗಾಂಶ ಉಳಿದಿದೆಯೇ ಎಂಬುದನ್ನು ನೋಡಬೇಕು. ಬಿಡಿಕೋಶಗಳಲ್ಲಿ ಆ ವಿನ್ಯಾಸ ಇರುವುದಿಲ್ಲ. ರಂಗೋಲಿಯಿಂದ ಒಂದು ಚಿಟಿಕೆ ಪುಡಿ ತಂದರೆ ಬಣ್ಣ ತಿಳಿದೀತು, ಎಳೆ ಎಲ್ಲಿಂದ ಎಲ್ಲಿಗೆ ಸುತ್ತಿತ್ತು ಎಂಬುದು ತಿಳಿಯದು.

ಸೈಟಾಲಜಿ ಎಂದರೆ ಬಿಡಿಕೋಶಗಳ ಪರೀಕ್ಷೆ, ಬಯಾಪ್ಸಿ ಎಂದರೆ ಅಂಗಾಂಶದ ತುಣುಕಿನ ಪರೀಕ್ಷೆ. ಒಳಪದರದ ಕ್ಯಾನ್ಸರ್‌ನಲ್ಲಿ ತೀರ್ಪು ಕೊಡುವುದು ಬಯಾಪ್ಸಿಯೇ. ಸುಮಾರು ಮೂರು ಮಿಲಿಮೀಟರ್ ದಪ್ಪದ, ಬಾಗುವ ಪ್ಲಾಸ್ಟಿಕ್ ನಳಿಕೆಯನ್ನು ಕೊರಳಿನ ಮೂಲಕ ಒಳಗೆ ಬಿಟ್ಟು, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಒಳಪದರದ ಚೂರುಗಳು ನಳಿಕೆಯೊಳಕ್ಕೆ ಹೀರಿಕೊಂಡು ಬರುತ್ತವೆ. ಪಿಪೆಲ್ ಎಂದು ಕರೆಯುವ ಈ ವಿಧಾನಕ್ಕೆ ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಕೆಲವು ನಿಮಿಷ ಮುಟ್ಟಿನ ನೋವಿನಂತಹ ಹಿಂಡುವ ನೋವು ಇರುತ್ತದೆ. ಸಾಕಷ್ಟು ಅಂಗಾಂಶ ಸಿಗದಿದ್ದರೆ, ಅಥವಾ ವರದಿ ಚೆನ್ನಾಗಿದ್ದೂ ರಕ್ತಸ್ರಾವ ನಿಲ್ಲದಿದ್ದರೆ, ಹಿಸ್ಟರೋಸ್ಕೋಪಿ ಮಾಡಿ, ಅಂದರೆ ಗರ್ಭಕೋಶದೊಳಕ್ಕೆ ದರ್ಶಕ ನಳಿಕೆ ಬಿಟ್ಟು, ಕಣ್ಣಾರೆ ನೋಡಿ ಮಾದರಿ ತೆಗೆಯುತ್ತಾರೆ. ಕೊರಳನ್ನು ಹಿಗ್ಗಿಸಿ ಒಳಪದರವನ್ನು ಕೆರೆದು ತೆಗೆಯುವ ಡಿ ಅಂಡ್ ಸಿ ಎಂದೊಡನೆ ‘ಕ್ಲೀನ್ ಮಾಡಿಸುವುದು’ ಎಂದುಕೊಂಡು, ತೆಗೆದ ಅಂಗಾಂಶದ ವರದಿಯನ್ನು ಕೇಳದೆಯೇ ಮನೆಗೆ ಹೋಗುವವರಿದ್ದಾರೆ. ಇಂತಹ ಸಂದರ್ಭದಲ್ಲಿ ಡಿ ಅಂಡ್ ಸಿ ಮಾಡುವುದೇ ಆ ವರದಿಗಾಗಿ.

ಇನ್ನು ಸ್ಕ್ಯಾನಿಂಗ್. ಮುಟ್ಟು ನಿಂತವರಲ್ಲಿ ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಒಳಪದರ ನಾಲ್ಕು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಂಭವ ತೀರಾ ಕಡಿಮೆ. ಆದರೂ ರಕ್ತ ಮತ್ತೆ ಕಂಡರೆ ಆ ಅಳತೆಯನ್ನು ನಂಬಿ ಕೂರಬಾರದು, ಅಂಗಾಂಶ ಪರೀಕ್ಷೆ ಆಗಲೇಬೇಕು. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ರಕ್ತಸ್ರಾವ ಇರುತ್ತದೆ. ಹಾಗೆ ರಕ್ತ ಕಂಡ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದೂ ನಿಜ. ಆದರೆ ‘ಮತ್ತೆ ಮುಟ್ಟು ಶುರುವಾಗಿದೆ’ ಎಂದು ಮನೆಯಲ್ಲೇ ನಿರ್ಧರಿಸುವುದು ಬೇಡ. ಒಂದು ವರ್ಷ ನಿಂತ ಮೇಲೆ ಬಂದ ರಕ್ತವನ್ನು, ಅದು ಒಂದು ಕಲೆಯಷ್ಟೇ ಆಗಿದ್ದರೂ, ವೈದ್ಯರಿಗೆ ತೋರಿಸಬೇಕು.

ಸೈಟಾಲಜಿಯ ಹೆಸರು ಇನ್ನೊಂದು ಕಡೆಯೂ ಬರುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೊಟ್ಟೆಯೊಳಗೆ ದ್ರವ ಬಿಟ್ಟು ತೊಳೆದು, ಆ ದ್ರವದಲ್ಲಿ ಕ್ಯಾನ್ಸರ್ ಕೋಶಗಳಿವೆಯೇ ಎಂದು ನೋಡುತ್ತಾರೆ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ 1988ರಲ್ಲಿ ಮಾಡಿದ ಹಂತ ವಿಂಗಡಣೆಯಲ್ಲಿ ಕೋಶಗಳು ಕಂಡರೆ ರೋಗ ಮೂರನೆಯ ಹಂತಕ್ಕೆ ಹೋಗುತ್ತಿತ್ತು. 2009ರಲ್ಲಿ ಆ ನಿಯಮವನ್ನು ಕೈಬಿಟ್ಟು, ಫಲಿತಾಂಶವನ್ನು ಪ್ರತ್ಯೇಕವಾಗಿ ಬರೆದಿಡಿ ಎಂದರು. 2023ರ ವಿಂಗಡಣೆ ಗೆಡ್ಡೆಯ ಬಗೆಯನ್ನೂ, ಮಾಡಿಸಿದ್ದರೆ ಪಿ53 ಹಾಗೂ ಪೋಲ್‌ನಂತಹ ಅಣುಮಟ್ಟದ ಪರೀಕ್ಷೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅವುಗಳಿಗೂ ಬೇಕಾಗುವುದು ಅಂಗಾಂಶವೇ. ಹೊಟ್ಟೆ ತೊಳೆದ ದ್ರವದ ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದ ಮಾತ್ರಕ್ಕೆ ಮೂರನೆಯ ಹಂತ ಎಂದು ಈಗಲೂ ಬರೆಯುವವರು 1988ರ ನಿಯಮವನ್ನೇ ಹಿಡಿದು ಕುಳಿತಿದ್ದಾರೆ.