ರೋಗ ಬಂದಾಗ ಯಾರಿಗೆ ಬಾಗಿಲು ತೆಗೆಯುತ್ತೇವೆ?

ಹೊಸ ಜ್ವರದ ಸುದ್ದಿ ಬಂದಾಗಲೆಲ್ಲ ಹಾಸಿಗೆ ಎಷ್ಟಿದೆ, ಆಕ್ಸಿಜನ್ ಎಷ್ಟಿದೆ ಎಂಬ ಲೆಕ್ಕ ಶುರುವಾಗುತ್ತದೆ. ಅದು ಬೇಕಾದ್ದೇ. ಆದರೆ ಜ್ವರ ಮೊದಲು ಗೊತ್ತಾಗುವುದು ಮನೆಯಲ್ಲಿ, ಅಲ್ವಾ? ಆ ಮನೆಗೆ ಹೋಗಿ ಕೇಳುವವರು ಯಾರು ಎಂಬ ಲೆಕ್ಕ ಯಾಕೋ ಕೊನೆಗೆ ಬರುತ್ತದೆ.

1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂತು. ಮೈಸೂರಿಗೂ ತಡವಾಗಲಿಲ್ಲ. ರೋಗಿಯನ್ನು ಮನೆಯಿಂದ ಸಾಗಿಸುವುದು, ಮನೆ ಖಾಲಿ ಮಾಡಿಸುವುದು ಆಗಿನ ಕ್ರಮ. ಜನ ಹೆದರಿದರು, ಕಾಯಿಲೆ ಮುಚ್ಚಿಟ್ಟರು. ಅದೇ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ದಂಗೆಯೇ ಆಯಿತು. ಮುಂದೆ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು.

ಮಂಡ್ಯದ ಕಥೆ ನೀರಿನದು. ನಾಲೆ ಬಂತು, ಗದ್ದೆ ಬಂತು, ಸೊಳ್ಳೆಯೂ ಬಂತು. ಮೊದಲು ಮಲೇರಿಯಾ, ಆಮೇಲೆ ಮಕ್ಕಳನ್ನು ಕಾಡಿದ ಮೆದುಳು ಜ್ವರ. ಬೆಳ್ಳಕ್ಕಿ, ಹಂದಿಗಳಲ್ಲಿರುವ ವೈರಸ್ಸನ್ನು ಗದ್ದೆಯ ಸೊಳ್ಳೆ ಮನುಷ್ಯರಿಗೆ ತರುತ್ತದೆ. 2004ರಲ್ಲಿ ದೇಶದಲ್ಲಿ ರೋಗ ಕಣ್ಗಾವಲು ಯೋಜನೆ, ಮರುವರ್ಷ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದವು. ಆ ಮಿಷನ್‌ನಿಂದಲೇ ಹಳ್ಳಿಗೆ ಆಶಾ ಕಾರ್ಯಕರ್ತೆ ಬಂದರು.

ಅವರ ಬೆಲೆ ಗೊತ್ತಾಗಿದ್ದು 2020ರಲ್ಲಿ. ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಂಡಿತು. ಅಲ್ಲಿನ ಕೆಲಸಗಾರರು ಸುತ್ತಲಿನ ಎಷ್ಟೋ ಊರಿನವರು. ಸಾವಿರಕ್ಕೂ ಹೆಚ್ಚು ಜನ ಕ್ವಾರಂಟೈನ್ ಆದರು. ಸೋಂಕಿತರ ನೇರ ಸಂಪರ್ಕಕ್ಕೆ ಬಂದ ಪ್ರೈಮರಿ ಯಾರು, ಆ ಪ್ರೈಮರಿಯವರ ಸಂಪರ್ಕಕ್ಕೆ ಬಂದ ಸೆಕೆಂಡರಿ ಯಾರು? ಯಾವ ಪಾಳಿ, ಯಾವ ಬಸ್ಸು, ಯಾರ ಜೊತೆ ಊಟ? ಇದನ್ನೆಲ್ಲ ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಬೇಕು. ಸಾಂಕ್ರಾಮಿಕ ರೋಗ ತಜ್ಞರ ಕೆಲಸವೆಲ್ಲ ನಿಂತಿರುವುದು ಈ ಪಟ್ಟಿಯ ಮೇಲೆ. ಒಂದು ಹೆಸರು ಬಿಟ್ಟರೆ ಸರಪಳಿ ಇನ್ನೆಲ್ಲೋ ಬೆಳೆಯುತ್ತದೆ. ಕೈಗೆ ಸೀಲು, ಬಾಗಿಲಿಗೆ ಚೀಟಿ ಬಿದ್ದ ಮೇಲೆ ಅಕ್ಕಪಕ್ಕದವರು ಮಾತು ಬಿಟ್ಟರೆ ಎಂಬ ಭಯ ಬೇರೆ. ಅಂಥ ಹೊತ್ತಿನಲ್ಲಿ ಗುರುತಿಲ್ಲದ ಅಧಿಕಾರಿಗೆ ಯಾರು ನಿಜ ಹೇಳುತ್ತಾರೆ? ಬಾಣಂತನದಲ್ಲಿ ಬಂದು ಹೋಗಿದ್ದ, ಮಗುವಿನ ಲಸಿಕೆ ದಿನ ನೆನಪಿಸಿದ್ದ ಆಶಾ ಅಕ್ಕನಿಗೆ ಹೇಳುತ್ತಾರೆ. ಆ ನಂಟು ವರ್ಷಗಟ್ಟಲೆ ಓಡಾಡಿ ಬೆಳೆದದ್ದು. ಸುಮ್ನೆ ಒಂದು ಆದೇಶ ಹೊರಡಿಸಿದರೆ ಬರುವುದಿಲ್ಲ.

ಗಂಟಲು ದ್ರವದ ಪರೀಕ್ಷೆ ಮೈಸೂರು ಮೆಡಿಕಲ್ ಕಾಲೇಜಿನಲ್ಲೇ ಆಗುತ್ತಿದ್ದದ್ದೂ ದೊಡ್ಡ ಅನುಕೂಲ. ಮೇ ಮಧ್ಯದ ಹೊತ್ತಿಗೆ ಮೈಸೂರು ಜಿಲ್ಲೆಯಲ್ಲಿ ಅಲ್ಲಿಯವರೆಗೆ ಕಂಡ 90 ಸೋಂಕಿತರೂ ಗುಣವಾಗಿ ಮನೆಗೆ ಹೋದರು. ಸೋಂಕು ಕಾರ್ಖಾನೆಗೆ ಎಲ್ಲಿಂದ ಬಂತು ಎಂಬುದಕ್ಕೆ ಖಚಿತ ಉತ್ತರ ಕೊನೆಗೂ ಸಿಗಲಿಲ್ಲ.

ಮುಂದಿನ ವರ್ಷದ ಎರಡನೇ ಅಲೆ ಎಲ್ಲರಿಗೂ ನೆನಪಿದೆ.

ಆದರೆ ಮೊದಲ ಅಲೆಯ ನಡುವೆಯೇ, 2020ರ ಜುಲೈನಲ್ಲಿ, ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿದ್ದರು. ಅವರದು ಸಂಬಳದ ಕೆಲಸವಲ್ಲ. ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟು ಎಂಬ ಪ್ರೋತ್ಸಾಹಧನ, ಜೊತೆಗೊಂದಿಷ್ಟು ಗೌರವಧನ. ಸೇವೆ ಎಂದು ಕರೆದು ಇಷ್ಟು ಕಡಿಮೆ ಕೊಡುವುದು ನ್ಯಾಯ ಎನಿಸುವುದಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ 10 ಸಾವಿರ ಖಾತ್ರಿ ಎಂಬ ಭರವಸೆ ಸಿಕ್ಕ ಮೇಲೆ ಊರಿನ ಬಸ್ಸು ಹತ್ತಿದರು.