ಟೋಪಿ ಸೂಜಿಯ ಮೊನೆಗೊಂದು ಒರೆ

ಕಡಲೆಕಾಳಿಗಿಂತ ತುಸು ದೊಡ್ಡದು, ಲೋಹದ್ದು. ಒಂದು ಕಡೆ ಸಣ್ಣ ತೂತು, ಇನ್ನೊಂದು ಕಡೆ ಮಣಿಯ ಹಾಗೆ ದುಂಡಗೆ. ತೂತಿನೊಳಗೆ ಬೆಂಡಿನ ಚೂರೋ ರಬ್ಬರೋ, ಸ್ವಲ್ಪ ದುಬಾರಿಯದಾದರೆ ಪುಟಾಣಿ ಸ್ಪ್ರಿಂಗೋ ಇರುತ್ತದೆ. ಸೂಜಿಯ ಮೊನೆಯನ್ನು ತೂರಿಸಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪೆನ್ನಿಗೆ ಕ್ಯಾಪು ಇದ್ದ ಹಾಗೆ ಇದು ಸೂಜಿಗೆ ಕ್ಯಾಪು. ಕತ್ತಿಯ ಲೆಕ್ಕದಲ್ಲಿ ಹೇಳಿದರೆ ಒರೆ.

ಇಷ್ಟು ಸಣ್ಣ ಸಾಮಾನಿನ ವಿಷಯಕ್ಕೆ ನಗರಸಭೆಗಳಲ್ಲಿ ಗಲಾಟೆ ಆಗಿದೆ, ಹೆಂಗಸರು ಕೋರ್ಟು ಮೆಟ್ಟಿಲು ಹತ್ತಿದ್ದಾರೆ, ಪೊಲೀಸರು ಟ್ರಾಮಿನಲ್ಲಿ ತಲೆ ತಲೆ ನೋಡಿಕೊಂಡು ಹೋಗಿದ್ದಾರೆ. ಇದು ನೂರಹತ್ತು, ನೂರಿಪ್ಪತ್ತು ವರ್ಷದ ಹಿಂದಿನ ಮಾತು. ಅಮೆರಿಕ, ಯುರೋಪು, ಆಸ್ಟ್ರೇಲಿಯಾ ಕಡೆಯದು. ಊರು ನಮ್ಮದಲ್ಲ, ಆದರೆ ಜಗಳ ನಮಗೂ ಗೊತ್ತಿರುವಂಥದ್ದೇ.

ಮೊದಲು ಸೂಜಿಯ ಕಥೆ. ಅಲ್ಲಿನ ಹೆಂಗಸರು ಹಿಂದೆಲ್ಲ ಹಾಕುತ್ತಿದ್ದ ಬಾನೆಟ್ ಟೋಪಿಗೆ ದಾರ ಇರುತ್ತಿತ್ತು. ಗದ್ದದ ಕೆಳಗೆ ಗಂಟು ಹಾಕಿದರೆ ಮುಗೀತು. 19ನೇ ಶತಮಾನದ ಕೊನೆಗೆ ಆ ಫ್ಯಾಷನ್ ಹೋಗಿ, ತಲೆಯ ಮೇಲೆ ಸುಮ್ನೆ ಕೂರುವ ಹ್ಯಾಟು ಬಂತು. ದಾರ ಇಲ್ಲದ ಮೇಲೆ ಗಾಳಿಗೆ ಹಾರಿಹೋಗದೆ ಇರುತ್ತದಾ? ಅದಕ್ಕೆ ಹ್ಯಾಟ್ ಪಿನ್ನು. ಟೋಪಿಯ ಒಂದು ಕಡೆಯಿಂದ ಚುಚ್ಚಿ, ತುರುಬಿನೊಳಗೆ ಹಾಯಿಸಿ, ಇನ್ನೊಂದು ಕಡೆ ಹೊರಗೆ ತೆಗೆಯುವುದು. ಪಿನ್ನು ಅಂದರೆ ಗುಂಡುಸೂಜಿ ನೆನೆಸಿಕೊಳ್ಳಬೇಡಿ. ಇದು ದಬ್ಬಣದ ಜಾತಿಗೆ ಸೇರಿದ್ದು, ಉದ್ದದಲ್ಲಿ ದಬ್ಬಣವನ್ನೂ ಮೀರಿಸಿದ್ದು. ಒಂದು ತುದಿಗೆ ಬೆಳ್ಳಿಯದೋ ಗಾಜಿನದೋ ಅಂದವಾದ ಗುಂಡು, ಇನ್ನೊಂದು ತುದಿ ಮೊನೆ. ದೊಡ್ಡ ಟೋಪಿಗೆ ಎರಡು ಮೂರು ಬೇಕಾಗುತ್ತಿತ್ತು.

ಇಂಥ ಸೂಜಿ ಎಲ್ಲರ ಕೈಗೂ ಸಿಕ್ಕಿದ್ದರ ಹಿಂದೆ ಒಂದು ಯಂತ್ರ ಇದೆ. ಒಂದು ಪಿನ್ನು ತಯಾರಾಗಲು ಸುಮಾರು 18 ಬಗೆಯ ಕೆಲಸ ಆಗಬೇಕು ಅಂತ ಆಡಂ ಸ್ಮಿತ್ 1776ರಲ್ಲೇ ಲೆಕ್ಕ ಕೊಟ್ಟಿದ್ದ. ತಂತಿ ಎಳೆಯುವವನೊಬ್ಬ, ನೆಟ್ಟಗೆ ಮಾಡುವವನೊಬ್ಬ, ಕತ್ತರಿಸುವವನೊಬ್ಬ, ಮೊನೆ ಮಾಡುವವನು ಇನ್ನೊಬ್ಬ, ಹೀಗೆ. ನ್ಯೂಯಾರ್ಕಿನಲ್ಲಿ ಜಾನ್ ಐರ್ಲೆಂಡ್ ಹೋವ್ ಅಂತ ಒಬ್ಬ ಡಾಕ್ಟರ್ ಇದ್ದ. ಬೆಲ್‌ವ್ಯೂ ಅನ್ನುವ ನಿರ್ಗತಿಕರ ಆಶ್ರಮದಲ್ಲಿ ಬಡವರು ಕೈಯಲ್ಲಿ ಪಿನ್ನು ಮಾಡಿ ಮಾಡಿ ಸವೆಯುವುದನ್ನು ನೋಡಿ, ಇದಕ್ಕೊಂದು ಯಂತ್ರ ಮಾಡಬಾರದೇಕೆ ಅಂತ ಕೂತ. 1832ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಪಿನ್ನು ಅಗ್ಗವಾಗುತ್ತಾ ಬಂತು.

ಇನ್ನು ಟೋಪಿಯ ಗಾತ್ರ. 1900ರ ಆಸುಪಾಸಿನಲ್ಲಿ ಕೂದಲನ್ನು ಎತ್ತರಕ್ಕೆ ಉಬ್ಬಿಸಿ ಕಟ್ಟುವುದು ಫ್ಯಾಷನ್ ಆಯಿತು. ಸ್ವಂತ ಕೂದಲು ಸಾಲದಿದ್ದರೆ ಒಳಗೆ ಕೂದಲಿನದೇ ಉಂಡೆ ಇಡುತ್ತಿದ್ದರು. ಬಾಚುವಾಗ ಉದುರಿದ್ದನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಅದರಿಂದಲೇ ಈ ಉಂಡೆ. ನಮ್ಮ ಚೌರಿಯ ದೂರದ ನೆಂಟ ಅನ್ನಿ. ಇದಕ್ಕಾಗಿಯೇ ಮುಚ್ಚಳದಲ್ಲಿ ತೂತಿರುವ ಚೆಂದದ ಪಿಂಗಾಣಿ ಡಬ್ಬಿಗಳು ಕನ್ನಡಿಯ ಮುಂದೆ ಇರುತ್ತಿದ್ದವು. ಪಕ್ಕದಲ್ಲೇ ಹ್ಯಾಟ್ ಪಿನ್ನು ನಿಲ್ಲಿಸಲು ಇನ್ನೊಂದು ಪಿಂಗಾಣಿ ಸಾಮಾನು, ನೋಡಲು ದೊಡ್ಡ ಉಪ್ಪಿನ ಡಬ್ಬಿಯ ಹಾಗೆ, ತಲೆಯ ಮೇಲೆಲ್ಲ ತೂತು. ಸೂಜಿ ಮನೆಯಲ್ಲಿದ್ದಾಗ ಅದಕ್ಕೊಂದು ಜಾಗ ಇತ್ತು. ತೊಂದರೆ ಶುರುವಾಗಿದ್ದು ಹೊಸ್ತಿಲು ದಾಟಿದ ಮೇಲೆ.

1907ರಲ್ಲಿ ಲಂಡನ್ನಿನಲ್ಲಿ 'ದ ಮೆರ್ರಿ ವಿಡೋ' ಅನ್ನುವ ಸಂಗೀತ ನಾಟಕ ಬಂತು. ನಾಯಕಿ ಲಿಲಿ ಎಲ್ಸಿ ತಲೆಗೆ ಒಂದು ಭಾರೀ ಟೋಪಿ. ಅದನ್ನು ಮಾಡಿಕೊಟ್ಟವರು ಲೂಸಿಲ್ ಎಂಬ ಹೆಸರಿನಲ್ಲಿ ಬಟ್ಟೆ ಹೊಲಿಸುತ್ತಿದ್ದ ಲೇಡಿ ಡಫ್ ಗಾರ್ಡನ್. (ಐದು ವರ್ಷದ ನಂತರ ಟೈಟಾನಿಕ್ ಹಡಗು ಮುಳುಗಿದಾಗ ಬದುಕಿ ಬಂದವರಲ್ಲಿ ಇವರೂ ಒಬ್ಬರು. ಬಟ್ಟೆಯ ಕಥೆಗೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.) ನಾಟಕ ನೋಡಿದವರಿಗೆಲ್ಲ ಅಂಥದ್ದೇ ಟೋಪಿ ಬೇಕಾಯಿತು. ಟೋಪಿ ಅಗಲವಾದಷ್ಟೂ ಪಿನ್ನು ಉದ್ದವಾಯಿತು. ಒಂದಡಿ ಉದ್ದದ್ದು ಆಗ ಏನೂ ವಿಶೇಷ ಅಲ್ಲ. ಟೋಪಿಯ ಮೇಲೆ ಹೂವು, ಹಣ್ಣು, ಗರಿ, ಕೆಲವೊಮ್ಮೆ ಹುಲ್ಲು ತುಂಬಿದ ಇಡೀ ಹಕ್ಕಿ. ಅದಕ್ಕೂ ಮುಂಚೆ, 1886ರಲ್ಲೇ, ಫ್ರಾಂಕ್ ಚಾಪ್‌ಮನ್ ಅನ್ನುವ ಪಕ್ಷಿತಜ್ಞ ನ್ಯೂಯಾರ್ಕ್ ಬೀದಿಯಲ್ಲಿ ಎರಡು ಸಲ ಅಡ್ಡಾಡಿ 700 ಟೋಪಿ ಎಣಿಸಿದ್ದ. 542ರಲ್ಲಿ ಗರಿ ಇತ್ತು. ಬೇರೆಯವರು ಹಕ್ಕಿ ನೋಡಲು ಕಾಡಿಗೆ ಹೋದರೆ ಈ ಪುಣ್ಯಾತ್ಮ ಪೇಟೆಗೆ ಹೋಗಿದ್ದ.

ಹೀಗೆ ಗೇಣುಗಟ್ಟಲೆ ಸೂಜಿ ತಲೆಯಲ್ಲಿ ಸಿಕ್ಕಿಸಿಕೊಂಡು ಹೆಂಗಸರು ಬೀದಿಗೆ ಬಂದ ಕಾಲಕ್ಕೆ ಸರಿಯಾಗಿ ಇನ್ನೊಂದು ಬದಲಾವಣೆಯೂ ಆಗುತ್ತಿತ್ತು. ಹುಡುಗಿಯರು ಒಬ್ಬರೇ ಓಡಾಡಲು ಶುರು ಮಾಡಿದ್ದರು. ಅಂಗಡಿ ಕೆಲಸ, ಆಫೀಸಿನ ಟೈಪಿಂಗ್ ಕೆಲಸ, ಬೆಳಿಗ್ಗೆ ಸಂಜೆ ಟ್ರಾಮು. ಜೊತೆಗೆ ಅಣ್ಣನೂ ಇಲ್ಲ, ಅತ್ತೆಯೂ ಇಲ್ಲ. ಇದನ್ನೇ ಕಾಯುತ್ತಿದ್ದವರಿಗೆ ಅಮೆರಿಕದ ಪೇಪರಿನವರು 'ಮ್ಯಾಷರ್' ಅಂತ ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಹೆಸರಿದೆ: ಬೀದಿ ಕಾಮಣ್ಣ.

1903ರ ಮೇ ತಿಂಗಳು. ಕ್ಯಾನ್ಸಸ್ ಕಡೆಯ ಹುಡುಗಿಯೊಬ್ಬಳು ನ್ಯೂಯಾರ್ಕ್ ನೋಡಲು ಬಂದಿದ್ದಳು. ಫಿಫ್ತ್ ಅವೆನ್ಯೂದಲ್ಲಿ ಕುದುರೆ ಗಾಡಿ ಹತ್ತಿದಳು, ಗಾಡಿ ತುಂಬಾ ಜನ. ಪಕ್ಕದಲ್ಲಿ ವಯಸ್ಸಾದ, ಒಳ್ಳೆ ಬಟ್ಟೆ ಹಾಕಿದ ದೊಡ್ಡ ಮನುಷ್ಯ. ಗಾಡಿ ಕುಲುಕಿದಾಗ ಒಂದಿಷ್ಟು ಹತ್ತಿರ ಬಂದ. ಮತ್ತೆ ಕುಲುಕಿತು, ಇನ್ನೂ ಹತ್ತಿರ. ಕೊನೆಗೆ ಅವನ ಕೈ ಅವಳ ಬೆನ್ನ ಹಿಂದೆ ಹೋಗಿ ಕೆಳಕ್ಕಿಳಿಯಿತು. ಹುಡುಗಿ ತಲೆಗೆ ಕೈ ಹಾಕಿದಳು, ಸುಮಾರು ಒಂದಡಿ ಉದ್ದದ ಪಿನ್ನು ಎಳೆದಳು, ಅವನ ತೋಳಿಗೆ ಚುಚ್ಚಿದಳು. ಕಿರುಚಿಕೊಂಡವನು ಮುಂದಿನ ನಿಲ್ದಾಣದಲ್ಲೇ ಇಳಿದು ಹೋದ.

ಪೇಪರಿನವರು ಇದನ್ನು ಖುಷಿಯಿಂದ ಬರೆದರು. ಹುಡುಗಿ ಹೀರೋ ಆದಳು. ಬೇರೆ ಊರುಗಳಿಂದಲೂ ಇಂಥವೇ ಸುದ್ದಿ ಬರತೊಡಗಿದವು. ಆದರೆ ಕೆಲವು ವರ್ಷದಲ್ಲಿ ಧಾಟಿ ಬದಲಾಯಿತು. ಚುಚ್ಚಿಸಿಕೊಂಡವನು ಏನು ಮಾಡಿದ್ದ ಅನ್ನುವುದು ಹಿಂದಕ್ಕೆ ಸರಿದು, ಸೂಜಿ ಎಷ್ಟು ಉದ್ದ ಇತ್ತು ಅನ್ನುವುದೇ ದೊಡ್ಡಕ್ಷರದಲ್ಲಿ ಬಂತು.

ಸೂಜಿಯಿಂದ ತಪ್ಪು ಮಾಡದವರಿಗೂ ಪೆಟ್ಟಾಗುತ್ತಿತ್ತು, ಅದನ್ನು ಮುಚ್ಚಿಡುವ ಹಾಗಿಲ್ಲ. ತುಂಬಿದ ಟ್ರಾಮಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ಮುಖದ ಎತ್ತರಕ್ಕೇ ಒಬ್ಬರ ಟೋಪಿ. ಅದರಿಂದ ಎರಡು ಮೂರು ಇಂಚು ಹೊರಬಂದ ಉಕ್ಕಿನ ಮೊನೆ. ಬ್ರೇಕು ಬಿತ್ತು, ಅವರು ಪಕ್ಕಕ್ಕೆ ತಿರುಗಿದರು. ಕೆನ್ನೆ ಗೀರಿದ್ದು, ಕಿವಿಗೆ ಚುಚ್ಚಿದ್ದು, ಕಣ್ಣಿಗೆ ತಗುಲಿದ್ದು ಎಲ್ಲ ಆಗಿವೆ. ನ್ಯೂಯಾರ್ಕಿನಲ್ಲಿ ಒಬ್ಬನಿಗೆ ಕಿವಿಯ ಹಿಂದೆ ಯಾರದೋ ಪಿನ್ನು ಆಕಸ್ಮಿಕವಾಗಿ ಚುಚ್ಚಿ, ವಾರದೊಳಗೆ ಪ್ರಾಣವೇ ಹೋಯಿತು ಅಂತ ಆಗಿನ ಪತ್ರಿಕೆಗಳು ಬರೆದವು. ಆಂಟಿಬಯಾಟಿಕ್ ಇಲ್ಲದ ಕಾಲ, ಸಣ್ಣ ಗಾಯವೂ ನಂಜಾದರೆ ಕಷ್ಟ.

1910ರ ಮಾರ್ಚಿನಲ್ಲಿ ಶಿಕಾಗೊ ನಗರಸಭೆ ಇದನ್ನು ಕೈಗೆತ್ತಿಕೊಂಡಿತು. 9 ಇಂಚಿಗಿಂತ ಉದ್ದದ ಪಿನ್ನು ಕೂಡದು. ನಮ್ಮ ಲೆಕ್ಕದಲ್ಲಿ ಒಂದು ಗೇಣು. ಮೀರಿದವರಿಗೆ 50 ಡಾಲರ್ ದಂಡ. ಆಗ ಅಂಗಡಿಯಲ್ಲಿ ಕೆಲಸಕ್ಕಿದ್ದ ಎಷ್ಟೋ ಹುಡುಗಿಯರಿಗೆ ವಾರದ ಸಂಬಳವೇ ಆರೇಳು ಡಾಲರ್, ಅಂದರೆ ದಂಡ ಕಟ್ಟಲು ಎರಡು ತಿಂಗಳು ಬಿಟ್ಟಿ ದುಡಿಯಬೇಕು! ಸಭೆ ನೋಡಲು ಜನ ಕಿಕ್ಕಿರಿದಿದ್ದರು. ಹೆಂಗಸರು ತಲೆ ಮೇಲೆ ಗಜ್ಜರಿಯನ್ನಾದರೂ ಹೊತ್ತುಕೊಳ್ಳಲಿ, ಹುಂಜವನ್ನಾದರೂ ಹೊತ್ತುಕೊಳ್ಳಲಿ, ಕತ್ತಿ ಹೊತ್ತರೆ ಮಾತ್ರ ಸುಮ್ಮನಿರಲಾಗದು ಅಂತ ಒಬ್ಬರು ವಾದಿಸಿದರು. ನಮ್ಮ ಪಿನ್ನು ಕಿತ್ತುಕೊಳ್ಳುವ ಮೊದಲು ಬೀದಿಯಲ್ಲಿ ಹೆದರದೆ ಓಡಾಡುವ ಹಾಗೆ ಮಾಡಿ ಅಂತ ಒಬ್ಬ ಹೆಂಗಸು ಎದ್ದು ನಿಂತು ಹೇಳಿದಳು. 68 ಮತ ಪರ, 2 ವಿರೋಧ. ಕಾನೂನು ಪಾಸಾಯಿತು.

ಆ 70 ಮತಗಳಲ್ಲಿ ಒಂದೂ ಹೆಂಗಸಿನದಲ್ಲ. ಆ ಸದಸ್ಯರನ್ನು ಆರಿಸಿ ಕಳಿಸಿದವರಲ್ಲೂ ಹೆಂಗಸರಿರಲಿಲ್ಲ. ಇಲಿನಾಯ್ ರಾಜ್ಯದಲ್ಲಿ ಹೆಂಗಸರಿಗೆ ನಗರಸಭೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದದ್ದು 1913ರಲ್ಲಿ. ಮತದ ಹಕ್ಕಿಗೆ ಹೋರಾಡುತ್ತಿದ್ದ ಹ್ಯಾರಿಯಟ್ ಸ್ಟಾಂಟನ್ ಬ್ಲ್ಯಾಚ್ ಇದನ್ನು ತಮ್ಮ ವಾದಕ್ಕೇ ಬಳಸಿಕೊಂಡರು. ಅವರಿಗೆ ಉದ್ದ ಪಿನ್ನು ಇಷ್ಟವೇನೂ ಇರಲಿಲ್ಲ, ಅದು ಒರಟುತನ ಅಂತಲೇ ಅವರ ಅಭಿಪ್ರಾಯ. ಆದರೆ ಗಂಡಸರು ಹೇಳಿದ ಶಿಸ್ತನ್ನು ಹೆಂಗಸರು ಕೇಳುವುದಿಲ್ಲ, ಅಧಿಕಾರ ಹೆಂಗಸರ ಕೈಗೆ ಕೊಡಿ, ತಿದ್ದಬೇಕಾದವರನ್ನು ನಾವೇ ತಿದ್ದುತ್ತೇವೆ ಅಂದರು. ನನಗೆ ಈ ಮಾತು ಜಾಣತನದ್ದು ಅನಿಸುತ್ತದೆ, ಒಂದಿಷ್ಟು ಬಿಗುಮಾನದ್ದೂ ಹೌದು.

ಶಿಕಾಗೊ ನೋಡಿ ಮಿಲ್ವಾಕಿ, ಪಿಟ್ಸ್‌ಬರ್ಗ್, ಬಾಲ್ಟಿಮೋರ್, ನ್ಯೂ ಆರ್ಲಿಯನ್ಸ್ ಹಿಂದೆ ಬಂದವು. ಜರ್ಮನಿಯ ಕೆಲವು ಊರುಗಳಲ್ಲಿ ಮೊನೆ ಮುಚ್ಚದ ಪಿನ್ನು ಹಾಕಿದವರನ್ನು ಟ್ರಾಮಿಗೆ ಹತ್ತಿಸಬಾರದು ಅಂತಾಯಿತು. ಸಿಡ್ನಿಯಲ್ಲಿ ಹೆಂಗಸರ ಮೇಲೆ ಕೇಸು ಬಿದ್ದವು.

ನಮ್ಮ ಕಡಲೆಕಾಳು ಗಾತ್ರದ ಒರೆಗೆ ಬೆಲೆ ಬಂದದ್ದೇ ಈಗ. ಉದ್ದ ಕಡಿಮೆ ಮಾಡಿದರೆ ಟೋಪಿ ನಿಲ್ಲುವುದಿಲ್ಲ, ಉದ್ದ ಬಿಟ್ಟರೆ ಪೊಲೀಸರು ಬಿಡುವುದಿಲ್ಲ. ಮಧ್ಯದ ದಾರಿ ಅಂದರೆ ಮೊನೆ ಮುಚ್ಚುವುದು. ಸುಮಾರು 1908ರಿಂದ ಮುಂದಿನ ಆರೇಳು ವರ್ಷ ಈ ಒಂದು ಸಾಮಾನಿಗೆ ಪೇಟೆಂಟ್ ಕೇಳಿದವರ ಸಾಲೇ ಇತ್ತು. ಒತ್ತಿ ಕೂರಿಸುವುದು, ತಿರುಗಿಸಿ ಬಿಗಿ ಮಾಡುವುದು, ಸ್ಪ್ರಿಂಗ್ ಹಾಕಿದ್ದು. ಇಡೀ ಪಿನ್ನೇ ಒಳಗೆ ಹೋಗುವಂಥ ಕೊಳವೆಯನ್ನು ಟೋಪಿಗೆ ಹೊಲಿಯುವುದೂ ಒಂದು ಬಗೆ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಚಾರ್ಲ್ಸ್ ಹಾರ್ನರ್ ಅನ್ನುವ ಬೆಳ್ಳಿ ಕೆಲಸದ ಕಂಪನಿ ಹ್ಯಾಟ್ ಪಿನ್ನಿಗೆ ಹೆಸರುವಾಸಿ. ಸೂಜಿಯಿಂದ ಕಾಪಾಡುವ ವಿದ್ಯೆ ಅವರಿಗೆ ಹೊಸದೇನಲ್ಲ. ಹೊಲಿಯುವಾಗ ಬೆರಳಿಗೆ ಹಾಕುವ ಬೆಳ್ಳಿ ಟೊಪ್ಪಿಗೆ ಬೇಗ ತೂತು ಬೀಳುತ್ತದೆ ಅಂತ, ಎರಡು ಪದರ ಬೆಳ್ಳಿಯ ನಡುವೆ ಉಕ್ಕು ಇಟ್ಟು 1884ರಲ್ಲೇ ಹಾರ್ನರ್ ಪೇಟೆಂಟ್ ಪಡೆದಿದ್ದರು.

ಆದರೆ ಹೆಂಗಸರು ಒರೆಯನ್ನು ಮೆಚ್ಚಿ ಹಾಕಿಕೊಳ್ಳಲಿಲ್ಲ. ಯಾಕೆ ಅನ್ನುವುದು ಹಾಕುವ ರೀತಿ ನೋಡಿದರೆ ಗೊತ್ತಾಗುತ್ತದೆ. ಒರೆ ಪಿನ್ನಿನ ಜೊತೆ ಹುಟ್ಟಿದ್ದಲ್ಲ. ಮೊದಲೇ ಸಿಕ್ಕಿಸಿದರೆ ಟೋಪಿಯೊಳಗೆ ಹೋಗುವುದಿಲ್ಲ. ಪಿನ್ನು ಆಚೆ ಬಂದ ಮೇಲೆ, ಎರಡೂ ಕೈ ಮೇಲೆತ್ತಿ, ಕಾಣದ ಮೊನೆಯನ್ನು ಬೆರಳಲ್ಲಿ ತಡಕಿ, ಕಡಲೆಕಾಳಿನ ತೂತಿಗೆ ಕೂರಿಸಬೇಕು. ಕೂರಿಸುವಾಗ ಬೆರಳಿಗೆ ಚುಚ್ಚಿದರೆ ಅದು ನಿಮ್ಮ ಹಣೆಬರಹ. ಎರಡು ಮೂರು ಪಿನ್ನಿದ್ದರೆ ಅಷ್ಟೂ ಸಲ. ಬಸ್ಸಿನಲ್ಲಿ ಯಾರದೋ ಭುಜ ತಾಗಿ ಒರೆ ಬಿದ್ದರೆ ಹುಡುಕುವವರು ಯಾರು? ಕಿವಿಯೋಲೆಯ ತಿರುಪು ಕಳೆದುಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇದರ ಜೊತೆ ಇನ್ನೊಂದು ಕಾರಣವೂ ಇತ್ತು ಅಂತ ನನ್ನ ಲೆಕ್ಕ. ಮೊನೆ ಮುಚ್ಚಿದ ಪಿನ್ನು ಬೇಕಾದಾಗ ಸಟಕ್ಕನೆ ಕೈಗೆ ಬರುವುದಿಲ್ಲ. ಮೊದಲು ಒರೆ ತೆಗೆಯಬೇಕು, ಆಮೇಲೆ ಎಳೆಯಬೇಕು. ಅಷ್ಟು ಹೊತ್ತು ಪಕ್ಕದವನು ಕಾಯುತ್ತಾನಾ?

ಕೊನೆಗೆ ಈ ಜಗಳ ಯಾರೂ ಗೆಲ್ಲದೆ ಮುಗಿಯಿತು. 1914ರಲ್ಲಿ ಯುದ್ಧ ಬಂತು, ದೊಡ್ಡ ಟೋಪಿಯ ಶೋಕಿ ಇಳಿಯಿತು. 1920ರ ಹೊತ್ತಿಗೆ ಹುಡುಗಿಯರು ಕೂದಲು ಗಿಡ್ಡ ಮಾಡಿಕೊಂಡರು. ತಲೆಗೆ ಬಿಗಿಯಾಗಿ, ಗಂಟೆಯ ಆಕಾರದಲ್ಲಿ ಕೂರುವ ಕ್ಲೋಷ್ ಟೋಪಿ ಬಂತು. ತುರುಬೇ ಇಲ್ಲದ ಮೇಲೆ ಪಿನ್ನು ಎಲ್ಲಿ ಚುಚ್ಚುವುದು? ಗಿಡ್ಡ ಕೂದಲಿನ ಹುಡುಗಿಯರ ಮೇಲೆ ದೂರುವುದು ಆಮೇಲಿನ ಹೊಸ ಕೆಲಸವಾಯಿತು.

ಅಷ್ಟಕ್ಕೂ ಮೊನೆಗೆ ಅಲ್ಲೇ ಮನೆ ಕಟ್ಟಿಕೊಟ್ಟ ಪಿನ್ನು ಇದಕ್ಕಿಂತ ಎಷ್ಟೋ ಮೊದಲೇ ಬಂದಿತ್ತು. ನ್ಯೂಯಾರ್ಕಿನ ವಾಲ್ಟರ್ ಹಂಟ್ 15 ಡಾಲರ್ ಸಾಲ ತೀರಿಸಲು ಒಂದು ತಂತಿ ಬಗ್ಗಿಸುತ್ತಾ ಕೂತು ಸೇಫ್ಟಿ ಪಿನ್ನು ಮಾಡಿದ ಅಂತ ಕಥೆ. ಪೇಟೆಂಟ್ ಸಿಕ್ಕಿದ್ದು 1849ರ ಏಪ್ರಿಲ್ 10ಕ್ಕೆ. ಅದನ್ನು 400 ಡಾಲರಿಗೆ ಮಾರಿ ಕೈತೊಳೆದುಕೊಂಡ. ಹ್ಯಾಟಿಗೆ ಅದು ಆಗದು, ಗಾತ್ರ ಸಾಲದು. ನಮ್ಮ ಸೀರೆಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗೆ ಆಯಿತು.

ನಮ್ಮಮ್ಮನ ಎಡಗೈ ಬಳೆಯಲ್ಲಿ ಯಾವಾಗಲೂ ಮೂರು ನಾಲ್ಕು ಪಿನ್ನು ನೇತಾಡುತ್ತಿದ್ದವು. ಸೆರಗಿಗೊಂದು, ನೆರಿಗೆಗೊಂದು, ಯಾರದಾದರೂ ಹುಕ್ಕು ಕಿತ್ತರೆ ಇನ್ನೊಂದು. ನಾನು ಕಾಲೇಜಿಗೆ ಸಿಟಿ ಬಸ್ಸು ಹತ್ತಲು ಶುರು ಮಾಡಿದ ದಿನ ಅದರಲ್ಲಿ ದೊಡ್ಡದೊಂದನ್ನು ಬಿಚ್ಚಿ ನನ್ನ ಬ್ಯಾಗಿನ ಪಟ್ಟಿಗೆ ಸಿಕ್ಕಿಸಿದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಹೆಂಗಸರು, ಹಿಂದೆ ಗಂಡಸರು ಅನ್ನುವ ಬಸ್ಸಿನಲ್ಲಿ ನಡುವಿನ ಜಾಗದಲ್ಲಿ ನಿಲ್ಲಬೇಕಾದವರಿಗೆ ಕಾರಣ ಬೇಗ ಗೊತ್ತಾಗುತ್ತದೆ. ನನ್ನ ಜೊತೆಯ ಹುಡುಗಿಯರಲ್ಲಿ ಹೆಚ್ಚಿನವರ ಹತ್ತಿರ ಪಿನ್ನಿತ್ತು, ಕೆಲವರ ಹತ್ತಿರ ಜಾಮಿಟ್ರಿ ಬಾಕ್ಸಿನ ಕೈವಾರ. ಇದನ್ನೆಲ್ಲ 'ಚುಡಾಯಿಸೋದು' ಅಂತ ಹಗುರವಾಗಿ ಕರೆದು ಸುಮ್ಮನಾಗುವ ಕಾಲ ಅದು. ಬೆಂಗಳೂರಿನಲ್ಲಿ ಜಾಸ್ಮೀನ್ ಪಾಥೇಜಾ 2003ರಲ್ಲಿ 'ಬ್ಲ್ಯಾಂಕ್ ನಾಯ್ಸ್' ಶುರು ಮಾಡಿ ಬೀದಿಯ ಈ ಕಾಟದ ಬಗ್ಗೆ ಹುಡುಗಿಯರನ್ನು ಬಾಯಿಬಿಟ್ಟು ಮಾತಾಡಿಸಿದರು.

ನಾನು ಆ ಪಿನ್ನನ್ನು ಚುಚ್ಚಿದ್ದು ಒಂದೇ ಸಲ. ಅವನು ಕಿರುಚಲಿಲ್ಲ, ಹಿಂದಕ್ಕೆ ಸರಿದ, ಅಷ್ಟೇ. ಕೈ ನಡುಗುತ್ತಿತ್ತು, ಪಿನ್ನು ಮುಚ್ಚಲು ಆಗದೆ ಹಾಗೇ ಹಿಡಿದುಕೊಂಡು ಮನೆಗೆ ಬಂದೆ. ಅಮ್ಮ ಮುಖ ನೋಡಿದಳು, ಕೈ ನೋಡಿದಳು. ನನ್ನ ಬೆರಳಿನಿಂದ ಪಿನ್ನು ಬಿಡಿಸಿಕೊಂಡು, ಮೊನೆಯನ್ನು ಕೊಕ್ಕೆಯೊಳಗೆ ಕೂರಿಸಿ, ಮತ್ತೆ ಬ್ಯಾಗಿಗೆ ಸಿಕ್ಕಿಸಿದಳು.

"ಇಳಿಯೋವಾಗ ಮುಚ್ಕೊಂಡು ಬಾರೇ," ಅಂದಳು. "ಪಕ್ಕದಲ್ಲಿ ಮಗು ಗಿಗು ಇರುತ್ತೆ."