ಪರ್ಷಿಯನ್ ಅಂದರೆ ಪಾರ್ಸಿ ಅಲ್ಲ, ಇನ್ನೆಷ್ಟು ಸಲ ಹೇಳಲಿ?

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಕೈ ಸೋತಿದೆ. ಕೇಳುವವರು ಬೇರೆ ಬೇರೆ, ಒಳಗಿನ ಮಾತು ಒಂದೇ. ಈ ಸಲ ಬಂದದ್ದು ಹೀಗಿದೆ:

"ಸರ್, ಲಾಸ್ ಏಂಜಲಿಸ್‌ನ ಇರಾನಿ ಮೂಲದ ಗೆಳೆಯರ ರಿಯಾಲಿಟಿ ಶೋ ‘ಶಾಸ್ ಆಫ್ ಸನ್‌ಸೆಟ್’ ನೋಡ್ತಾ ಇದ್ದೀನಿ. ಅದರಲ್ಲಿರೋರು ತಮ್ಮನ್ನು ಪರ್ಷಿಯನ್ ಅಂತಾರೆ, ಇರಾನಿ ಅನ್ನೋದು ಕಡಿಮೆ. ಕುಡೀತಾರೆ, ಕುಣೀತಾರೆ, ದೇವರಿಗೆ ಕೈಮುಗಿದಿದ್ದನ್ನ ನಾನು ಕಾಣಲಿಲ್ಲ. ಆದರೆ ಮದುವೆ ಮಾತು ಬಂದರೆ ಸಾಕು, ಮನೆಯ ಹಿರಿಯರಿಗೆ ಧರ್ಮ ನೆನಪಾಗಿ ಜಗಳ ಶುರು, ಯಾಕೆ? ಇವರು ಮುಸ್ಲಿಮರಲ್ಲ, ಪಾರ್ಸಿಗಳು ತಾನೆ?"

ಅಲ್ಲ. ಅವರಲ್ಲಿ ಮುಸ್ಲಿಂ ಮನೆಯವರಿದ್ದಾರೆ, ಯಹೂದಿ ಮನೆಯವರಿದ್ದಾರೆ, ಎರಡೂ ಬೆರೆತ ಮನೆಯವರೂ ಇದ್ದಾರೆ. ಜಗಳದ ಬಗ್ಗೆ ಕೇಳಿದ್ದು ಒಳ್ಳೆಯ ಪ್ರಶ್ನೆ, ಅದಕ್ಕೆ ಆಮೇಲೆ ಬರೋಣ. ಮೊದಲು ‘ತಾನೆ’ ಅಂತ ಕೊನೆಗೆ ಸೇರಿಸಿದಿರಲ್ಲ, ಆ ಗಂಟು ಬಿಡಿಸಬೇಕು. ನಮ್ಮವರ ತಲೆಯಲ್ಲಿ ಅದು ಬಿಗಿಯಾಗಿ ಕೂತಿದೆ: ಇರಾನಿ ಅಂದರೆ ಮುಸ್ಲಿಂ, ಪರ್ಷಿಯನ್ ಅಂದರೆ ಅಗ್ನಿ ಪೂಜಿಸುವ ಪಾರ್ಸಿ, ಎರಡೂ ಬೇರೆ ಬೇರೆ ಜನ. ಓದಿದವರೂ ಹೀಗೇ ಅಂದುಕೊಂಡಿದ್ದಾರೆ. ‘ಪರ್ಷಿಯನ್ನರೆಲ್ಲ ಭಾರತಕ್ಕೆ ಓಡಿ ಬಂದರು, ಅಲ್ಲಿ ಉಳಿದವರು ಅರಬರು’ ಎಂದು ಒಬ್ಬರು ನನಗೇ ಪಾಠ ಹೇಳಿದ್ದುಂಟು.

ಇರಾನಿನ ದಕ್ಷಿಣಕ್ಕೆ ಪಾರ್ಸ್ ಎಂಬ ಸೀಮೆ ಇದೆ. ಶಿರಾಜ್ ನಗರ ಇರುವುದು ಅಲ್ಲಿ, ಪರ್ಸೆಪೊಲಿಸ್‌ನ ಕಲ್ಲುಕಂಬಗಳು ನಿಂತಿರುವುದೂ ಅಲ್ಲೇ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಈ ಸೀಮೆಯ ಸೈರಸ್ ದೊರೆ ಸಾಮ್ರಾಜ್ಯ ಕಟ್ಟಿದ. ಗ್ರೀಕರು ಒಂದು ಸೀಮೆಯ ಹೆಸರನ್ನೇ ಇಡೀ ದೇಶಕ್ಕೆ ಅಂಟಿಸಿ ‘ಪರ್ಸಿಸ್’ ಅಂದರು, ಯೂರೋಪಿನ ಬಾಯಲ್ಲಿ ಅದು ಪರ್ಷಿಯಾ ಆಯಿತು. ವಿಂಧ್ಯದ ಆಚೆಯವರು ನಮ್ಮನ್ನೆಲ್ಲ ಒಂದೇ ಏಟಿಗೆ ‘ಮದ್ರಾಸಿ’ ಅಂದುಬಿಡುತ್ತಿದ್ದರಲ್ಲ, ಹಾಗೆ. ಒಳಗಿನವರು ಮಾತ್ರ ತಮ್ಮ ನಾಡನ್ನು ಇರಾನ್ ಎಂದೇ ಕರೆದುಕೊಂಡರು. 3ನೇ ಶತಮಾನದ ಸಸಾನಿ ದೊರೆಗಳ ಶಾಸನಗಳಲ್ಲೇ ಆ ಹೆಸರಿದೆ. 1935ರಲ್ಲಿ ರೆಜಾ ಶಾ ಪಹ್ಲವಿ ‘ಇನ್ನು ಮುಂದೆ ನಮ್ಮನ್ನು ಇರಾನ್ ಎಂದೇ ಬರೆಯಿರಿ’ ಎಂದು ಹೊರದೇಶಗಳಿಗೆ ತಿಳಿಸಿದ. ಆದದ್ದು ಇಷ್ಟೇ. ದೇಶ ಬದಲಾಗಲಿಲ್ಲ, ಜನ ಬದಲಾಗಲಿಲ್ಲ, ಲಕೋಟೆಯ ಮೇಲಿನ ವಿಳಾಸ ಬದಲಾಯಿತು.

ಹಾಗಾದರೆ ಪಾರ್ಸಿಗಳು? ಅರಬರು ಇರಾನನ್ನು ಗೆದ್ದಮೇಲೆ, ಸಾವಿರ ವರ್ಷಕ್ಕೂ ಹಿಂದೆ, ಜರತುಷ್ಟ್ರನ ಧರ್ಮದ ಒಂದಷ್ಟು ಜನ ಗುಜರಾತಿನ ಕರಾವಳಿಗೆ ಬಂದಿಳಿದರು. ಪಾರ್ಸಿನಿಂದ ಬಂದವರು ಎಂದು ಇಲ್ಲಿಯವರು ಪಾರ್ಸಿ ಅಂದರು. 2011ರ ಜನಗಣತಿಯಲ್ಲಿ ಭಾರತದಲ್ಲಿದ್ದ ಪಾರ್ಸಿಗಳು 57,264. ಇಡೀ ಇರಾನಿನ ಜನ 57 ಸಾವಿರವಾಗಿ ಓಡಿಬಂದರೆಂದು ನಂಬಲು ಗಟ್ಟಿ ಎದೆ ಬೇಕು. ಉಳಿದವರು ಅಲ್ಲೇ ಇದ್ದರು, ಶತಮಾನಗಳ ಮೇಲೆ ನಿಧಾನವಾಗಿ ಮುಸ್ಲಿಮರಾದರು, ಆದರೆ ಭಾಷೆ ಬಿಡಲಿಲ್ಲ. ಅರಬ್ಬಿಯಲ್ಲಿ ಪಕಾರ ಇಲ್ಲದ್ದರಿಂದ ಪಾರ್ಸಿ ಹೋಗಿ ಫಾರ್ಸಿ ಆಯಿತು. ‘ಪಾಲು’ ಹಾಲಾದದ್ದನ್ನು, ‘ಪುಲಿ’ ಹುಲಿಯಾದದ್ದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯ ಇರಬಾರದು. ಲಿಪಿಯನ್ನು ಅರಬರಿಂದ ತಗೊಂಡರು ನಿಜ, ಅದಕ್ಕೂ ತಮ್ಮ ಪ, ಚ, ಗ, ಝ಼ ದನಿಗಳಿಗೆ ಬೇಕಾದ ನಾಲ್ಕು ಅಕ್ಷರ ಸೇರಿಸಿಕೊಂಡರು. ಫಾರ್ಸಿ ಅರಬ್ಬಿಯ ಬಂಧು ಅಲ್ಲ. ವ್ಯಾಕರಣದ ಮನೆಯಲ್ಲಿ ಅದು ಸಂಸ್ಕೃತದ ದಾಯಾದಿ.

ಇಷ್ಟಾದರೂ ನಂಬಿಕೆ ಬಾರದಿದ್ದರೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಆಲಿ ಆಸ್ಕರ್ ರಸ್ತೆ ಗೊತ್ತಲ್ಲ? ಆಗಾ ಆಲಿ ಆಸ್ಕರ್ 19ನೇ ಶತಮಾನದಲ್ಲಿ ಶಿರಾಜಿನಿಂದ ಕುದುರೆ ತಂದು ಮಾರಿ ಇಲ್ಲೇ ನೆಲೆನಿಂತವರು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಪಾರ್ಸ್ ಸೀಮೆಯ ಮೂಲ, ಅಚ್ಚ ಪರ್ಷಿಯನ್ ಮನೆತನ, ಧರ್ಮದಲ್ಲಿ ಶಿಯಾ ಮುಸ್ಲಿಂ. ಅವರನ್ನು ಯಾರೂ ಪಾರ್ಸಿ ಅನ್ನಲಿಲ್ಲ. ದಿವಾನರ ವಿಷಯದಲ್ಲಿ ಸರಿಯಾಗಿ ಅರ್ಥವಾದದ್ದು ಟೀವಿಯವರ ವಿಷಯದಲ್ಲಿ ಯಾಕೆ ಆಗುವುದಿಲ್ಲವೋ!

ಇನ್ನೊಂದು ಎಳೆ ಉಳಿಯಿತು. ಇರಾನಿಯರೆಲ್ಲ ಪರ್ಷಿಯನ್ನರೂ ಅಲ್ಲ. ಅಜರಿಗಳು, ಕುರ್ದರು, ಲೂರರು, ಬಲೂಚಿಗಳು, ತುರ್ಕ್‌ಮನ್ನರು ಇದ್ದಾರೆ. ಖೂಜೆಸ್ತಾನದ ಕಡೆ ಅರಬರೂ ಇದ್ದಾರೆ. ಕನ್ನಡಿಗರೆಲ್ಲ ಭಾರತೀಯರು, ಭಾರತೀಯರೆಲ್ಲ ಕನ್ನಡಿಗರಲ್ಲ. ಇಷ್ಟು ಹಿಡಿದುಕೊಳ್ಳಿ, ಸಾಕು.

ಹಾಗಿದ್ದ ಮೇಲೆ ಲಾಸ್ ಏಂಜಲಿಸ್‌ನವರು ‘ಪರ್ಷಿಯನ್’ ಎಂದೇ ಯಾಕೆ ಹೇಳಿಕೊಳ್ಳುತ್ತಾರೆ? 1979ರ ಜನವರಿ 16ಕ್ಕೆ ರೆಜಾ ಶಾನ ಮಗ, ಆಗಿನ ಶಾ (ದೊರೆ) ದೇಶ ಬಿಟ್ಟ, ಫೆಬ್ರವರಿ 1ಕ್ಕೆ ಇಸ್ಲಾಮಿ ಕ್ರಾಂತಿಯ ಮುಂದಾಳು ಖೊಮೇನಿ ಬಂದಿಳಿದರು. ಆ ಗಲಾಟೆಯ ಸುತ್ತಮುತ್ತ ದುಡ್ಡಿದ್ದವರು, ಅಲ್ಪಸಂಖ್ಯಾತರು, ಶಾ ಸರ್ಕಾರದಲ್ಲಿ ಇದ್ದವರು ಗಂಟುಮೂಟೆ ಕಟ್ಟಿದರು. ಅಮೆರಿಕದಲ್ಲಿ ಉಸಿರು ಬಿಡುವಷ್ಟರಲ್ಲಿ ನವೆಂಬರ್ 4 ಬಂತು. ಟೆಹರಾನಿನ ಅಮೆರಿಕ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿ ಸಿಬ್ಬಂದಿಯನ್ನು ಒತ್ತೆ ಇಟ್ಟುಕೊಂಡರು, 444 ದಿನ. ರಾತ್ರಿ ರಾತ್ರಿ ಟೀವಿಯಲ್ಲಿ ಅದೇ ಸುದ್ದಿ. ಅಂಥ ಹೊತ್ತಲ್ಲಿ ಶಾಲೆಗೆ ಹೋಗುವ ಹುಡುಗ ‘ನಾನು ಇರಾನಿ’ ಅನ್ನುವುದಕ್ಕಿಂತ ‘ನಾನು ಪರ್ಷಿಯನ್’ ಅಂದರೆ ಬೆನ್ನಿಗೆ ಪೆಟ್ಟು ಕಡಿಮೆ. ಪರ್ಷಿಯನ್ ಅಂದರೆ ಜನಕ್ಕೆ ನೆನಪಾಗುವುದು ರತ್ನಗಂಬಳಿ, ಬೆಕ್ಕು. ಮಾತು ಹಾಗೆ ಅಂಟಿಕೊಂಡಿತು, ವೆಸ್ಟ್‌ವುಡ್ ಬೀದಿಯ ಒಂದು ಮೂಲೆಗೆ 2010ರಲ್ಲಿ ನಗರಸಭೆಯೇ ‘ಪರ್ಷಿಯನ್ ಸ್ಕ್ವೇರ್’ ಎಂದು ಫಲಕ ಹಾಕಿತು. ಭಯದಿಂದ ಹುಟ್ಟಿದ ಪದ, ಮಕ್ಕಳ ಕಾಲಕ್ಕೆ ಜಂಬದ ಪದವಾಯಿತು.

ಈಗ ಜಗಳ.

ನೌರೂಜ್, ಅಂದರೆ ಇರಾನಿ ಹೊಸವರ್ಷದ ದಿನ ಇವರ ಮನೆಯ ಮೇಜು ಒಮ್ಮೆ ನೋಡಿ. ಮಾರ್ಚ್ 20 ಅಥವಾ 21, ನಮ್ಮ ಯುಗಾದಿಯ ಆಸುಪಾಸು. ಫಾರ್ಸಿ ಹೆಸರು ‘ಸ’ಕಾರದಿಂದ ಶುರುವಾಗುವ ಏಳು ವಸ್ತು ಇಡಬೇಕು: ಸೇಬು, ಬೆಳ್ಳುಳ್ಳಿ, ವಿನೆಗರ್, ಸುಮಾಕ್ ಪುಡಿ, ಸೆಂಜೆದ್ ಎಂಬ ಒಣಹಣ್ಣು, ಮೊಳಕೆ ಗೋಧಿಯ ಸಮನು ಪಾಯಸ, ತಟ್ಟೆಯಲ್ಲಿ ಬೆಳೆಸಿದ ಹಸಿರು ಸಸಿ. ನಮ್ಮಲ್ಲಿ ನವರಾತ್ರಿಗೆ ಘಟದ ಮಣ್ಣಲ್ಲಿ ಮೊಳಕೆ ಬರಿಸುವುದಿಲ್ಲವೇ, ಥೇಟ್ ಹಾಗೆ. ಹದಿಮೂರನೇ ದಿನ ಅದನ್ನು ಹರಿಯುವ ನೀರಿಗೆ ಬಿಡುತ್ತಾರೆ. ಮುಸ್ಲಿಂ ಮನೆಯಲ್ಲೂ ಇದೇ ಮೇಜು, ಯಹೂದಿ ಮನೆಯಲ್ಲೂ ಇದೇ, ಜರತುಷ್ಟ್ರರ ಮನೆಯಲ್ಲೂ ಇದೇ. ಪಕ್ಕದಲ್ಲಿಡುವ ಪುಸ್ತಕ ಮಾತ್ರ ಬೇರೆ. ಒಬ್ಬರದು ಕುರಾನ್, ಒಬ್ಬರದು ತಮ್ಮ ಧರ್ಮಗ್ರಂಥ, ಯಾವುದೂ ಬೇಡ ಅನ್ನುವವರದು ಹಾಫಿಜ್ ಕವಿಯ ದಿವಾನ್, ಅಂದರೆ ಕವನಸಂಗ್ರಹ. ಹಾಫಿಜ್‌ನನ್ನು ಬೇಡ ಅನ್ನುವವರು ಮೂರೂ ಕಡೆ ಸಿಗುವುದಿಲ್ಲ.

ಊಟ, ಹಾಡು, ಹಬ್ಬ ಎಲ್ಲ ಒಂದೇ ಆದಮೇಲೆ ತಕರಾರು ಯಾವುದಕ್ಕೆ? ಹೆಣ್ಣು ಗಂಡು ಕೊಟ್ಟು ತರುವುದಕ್ಕೆ. ಇದನ್ನು ಅಮೆರಿಕದವರಿಗೆ ವಿವರಿಸಲು ಅರ್ಧ ಗಂಟೆ ಬೇಕು, ನಿಮಗೆ ಒಂದು ಪದ ಸಾಕು: ಜಾತಿ. ದೇವರನ್ನು ನಂಬದ ಮಾವ ಜಾತಿ ಬಿಡದೆ ಇರುವುದನ್ನು ನಾವು ಎಲ್ಲ ಮದುವೆ ಛತ್ರದಲ್ಲೂ ನೋಡಿದ್ದೇವೆ. ಅಲ್ಲಿನ ಧರ್ಮ ಕೆಲಸ ಮಾಡುವುದು ಹಾಗೆ. ಪ್ರಾರ್ಥನೆ ಬಿಟ್ಟುಹೋಗಬಹುದು, ಬೀಗತನದ ಲೆಕ್ಕ ಬಿಟ್ಟುಹೋಗುವುದಿಲ್ಲ.

ಯಹೂದಿ ಅಜ್ಜಿಯರ ಮೊಂಡುತನಕ್ಕೆ ಕಾರಣವೂ ಇದೆ. ಇರಾನಿನಲ್ಲಿ ಯಹೂದಿಗಳು ಇಸ್ಲಾಂ ಹುಟ್ಟುವುದಕ್ಕೂ ಸಾವಿರ ವರ್ಷ ಮೊದಲಿನಿಂದ ಇದ್ದಾರೆ. ಆದರೂ ಕಜಾರ್ ದೊರೆಗಳ ಕಾಲದಲ್ಲಿ ಅವರು ‘ನಜಿಸ್’, ಅಂದರೆ ಮೈಲಿಗೆ. ಎಷ್ಟೋ ಊರುಗಳಲ್ಲಿ ಮಳೆ ಬರುವಾಗ ಅವರು ಬೀದಿಗೆ ಇಳಿಯುವಂತಿರಲಿಲ್ಲ, ಅವರ ಮೈಯಿಂದ ಹರಿದ ನೀರು ಮುಸ್ಲಿಮರ ಕಾಲಿಗೆ ತಾಗಿದರೆ ಎಂಬ ಭಯ. ಮಡಿ ಮೈಲಿಗೆ ಗೊತ್ತಿದ್ದ ನಾಡಿನವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. 1839ರಲ್ಲಿ ಮಶಹದ್‌ನ ಯಹೂದಿಗಳನ್ನು ಗುಂಪಾಗಿ ಬಲವಂತದಿಂದ ಮತಾಂತರ ಮಾಡಿದರು. ಅವರು ಬೀದಿಯಲ್ಲಿ ಮುಸ್ಲಿಂ ಹೆಸರು, ಮನೆಯೊಳಗೆ ಹೀಬ್ರೂ ಹೆಸರು ಇಟ್ಟುಕೊಂಡು ತಲೆಮಾರುಗಟ್ಟಲೆ ಬಾಳಿದರು. ಹೊರಗಿನವರು ಹೆಣ್ಣು ಕೇಳದಿರಲೆಂದು ಎಳೆಯ ವಯಸ್ಸಿನಲ್ಲೇ ತಮ್ಮತಮ್ಮಲ್ಲೇ ನಿಶ್ಚಯ ಮಾಡಿಬಿಡುತ್ತಿದ್ದರು. ಆ ಪಂಗಡದವರ ದೊಡ್ಡ ನೆಲೆ ಈಗ ನ್ಯೂಯಾರ್ಕ್ ಪಕ್ಕದ ಗ್ರೇಟ್ ನೆಕ್.

ಆಸ್ತಿಯ ಮಾತು ಇನ್ನೂ ಕಟು. ಇರಾನಿನ ಸಿವಿಲ್ ಕಾನೂನಿನ 881ನೇ ವಿಧಿಗೆ ಸೇರಿಸಿದ ನಿಯಮದಂತೆ, ಮುಸ್ಲಿಮೇತರನೊಬ್ಬ ಸತ್ತಾಗ ಅವನ ವಾರಸುದಾರರಲ್ಲಿ ಒಬ್ಬ ಮುಸ್ಲಿಮನಿದ್ದರೆ ಉಳಿದವರಿಗೆ ಪಾಲಿಲ್ಲ. ಪದ್ಧತಿ ಕಾನೂನಿಗಿಂತ ಹಳೆಯದು. ಅಂದರೆ ಐದು ಮಕ್ಕಳಲ್ಲಿ ಒಬ್ಬ ಮುಸ್ಲಿಂ ಹುಡುಗಿಯನ್ನು ಮೆಚ್ಚಿ ಮತ ಬದಲಿಸಿದ ಎಂದುಕೊಳ್ಳಿ (ಮುಸ್ಲಿಂ ಹೆಣ್ಣು ಮುಸ್ಲಿಮೇತರನನ್ನು ಮದುವೆಯಾಗಲು ಅಲ್ಲಿನ ಕಾನೂನು ಬಿಡದು, ಆದ್ದರಿಂದ ಬದಲಿಸಲೇಬೇಕು), ಅಂಗಡಿ, ಮನೆ ಎಲ್ಲ ಅವನ ಪಾಲಿಗೆ. ಇಂಥ ಕಡೆ ಬೆಳೆದ ಅಜ್ಜಿ ಮುಸ್ಲಿಂ ಸೊಸೆಯನ್ನು ಕಂಡು ಹೌಹಾರಿದರೆ ಅದನ್ನು ಬರಿಯ ಮತದ್ವೇಷ ಅಂದುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಈಗ ಶೋ ಮತ್ತೆ ನೋಡಿ. ರೆಜಾ ಫರಹಾನ್ ಅವರ ತಂದೆಯದು ಯಹೂದಿ ಮನೆತನ, ತಾಯಿಯದು ಮುಸ್ಲಿಂ. ತಂದೆಯ ತಾಯಿ ಆ ಸೊಸೆಯನ್ನು ಒಪ್ಪಲಿಲ್ಲ ಎಂಬ ನೋವು ಮೊಮ್ಮಗನ ಕಣ್ಣೀರಾಗಿ ಪರದೆಯ ಮೇಲೆ ಬಂತು. ಮೈಕ್ ಶೌಹೆದ್ ಅವರ ಮನೆಗೆ ಯಹೂದಿ ಸೊಸೆಯೇ ಬೇಕಿತ್ತು. ಅವರು ಮೆಚ್ಚಿದ ಜೆಸಿಕಾ ಮತ ಬದಲಿಸಿಕೊಂಡು 2015ರಲ್ಲಿ ಮದುವೆಯಾದರು, ವರ್ಷ ತುಂಬುವ ಮೊದಲೇ ಮದುವೆ ಮುರಿಯಿತು. ಹಾಗೆಂದು ಎಲ್ಲ ಜಗಳಕ್ಕೂ ಧರ್ಮವನ್ನೇ ಹುಡುಕಬೇಡಿ. ಎಂಜೆ ಜಾವಿದ್ ಮತ್ತು ಅವರ ತಾಯಿ ವೀದಾ ಸೀಸನ್‌ಗಟ್ಟಲೆ ಕಿತ್ತಾಡಿದ್ದು ಮಗಳ ತೂಕ, ಬಟ್ಟೆ, ಮದುವೆಯ ವಯಸ್ಸು ಇಂಥವಕ್ಕೆ. ಅದಕ್ಕೆ ಇರಾನಿನ ಇತಿಹಾಸ ಬೇಕಿಲ್ಲ, ತಾಯಿ ಮಗಳು ಇದ್ದರೆ ಸಾಕು. ಜತೆಗೆ ಇದು ರಿಯಾಲಿಟಿ ಶೋಗಳ ಬ್ರಾವೊ ಚಾನೆಲ್. 2012ರಿಂದ 2021ರವರೆಗೆ ಒಂಬತ್ತು ಸೀಸನ್ ಓಡಿದ್ದು ಹಾಫಿಜ್ ಪದ್ಯ ಓದಿ ಅಲ್ಲ.

ರಾಜಕೀಯ ಶೋನಲ್ಲಿ ಕಡಿಮೆ, ಅಪ್ಪಂದಿರ ಚಹಾದ ಮೇಜಿನಲ್ಲಿ ಮಾತ್ರ ಅದೇ. 1953ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಬೀಳಿಸಿದ ಮೊಸದ್ದೆಕ್ ಪ್ರಧಾನಿಯನ್ನು ನೆನೆಯುವವರು, ಶಾನ ಕಾಲವೇ ಸುವರ್ಣಯುಗ ಅನ್ನುವವರು, ಎಡಪಂಥದವರು. ಬಾವುಟದ ಮೇಲೂ ಒಮ್ಮತವಿಲ್ಲ. ಹಸಿರು, ಬಿಳಿ, ಕೆಂಪು ಪಟ್ಟಿ ಎಲ್ಲರದೂ ಒಂದೇ. ನಡುವೆ ಏನಿರಬೇಕು ಎಂಬುದೇ ಕದನ. 1980ರಿಂದ ಇರುವ ಸರ್ಕಾರಿ ಬಾವುಟದ ಅಂಚಿನಲ್ಲಿ ‘ಅಲ್ಲಾಹು ಅಕ್ಬರ್’ 22 ಸಲ ಇದೆ, ಕ್ರಾಂತಿ ಗೆದ್ದದ್ದು ಇರಾನಿ ಪಂಚಾಂಗದ ಬಹಮನ್ ತಿಂಗಳ 22ಕ್ಕೆ ಎಂದು. ದೇಶ ಬಿಟ್ಟವರು ಹಾರಿಸುವುದು ಸಿಂಹ ಮತ್ತು ಸೂರ್ಯ. ಅದು ಶಾ ಮನೆತನದ ಗುರುತು ಎಂದು ಕೆಲವರು ಮುಟ್ಟುವುದಿಲ್ಲ. ಅಸಲಿಗೆ ಅದು ಪಹ್ಲವಿಗಳಿಗಿಂತ ಎಷ್ಟೋ ಹಳೆಯದು. 2022ರಲ್ಲಿ, ಹಿಜಾಬ್ ವಿಷಯಕ್ಕೆ ಪೊಲೀಸರು ಹಿಡಿದಿದ್ದ ಕುರ್ದ್ ಯುವತಿ ಮಹ್ಸಾ ಅಮೀನಿ ಸತ್ತಾಗ ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಎಂಬ ಕುರ್ದರ ಘೋಷಣೆಯನ್ನು ಇವರೆಲ್ಲ ಒಂದೇ ದನಿಯಲ್ಲಿ ಕೂಗಿದರು. ಬಾವುಟ ಮಾತ್ರ ಆಗಲೂ ಬೇರೆ ಬೇರೆಯೇ.

ಯಾರೂ ಕೇಳದ ಒಂದು ಮಾತು ಹೇಳಿ ಮುಗಿಸುತ್ತೇನೆ. ಇರಾನಿ ನಂಟಿನ ಮನೆಯಲ್ಲಿ ಅಪ್ಪ ಮಗ ಧರ್ಮಕ್ಕಾಗಿ ಕಾದಾಡಿದ್ದು ನಮ್ಮ ನೆಲಕ್ಕೆ ಹೊಸದಲ್ಲ. 1501ರಲ್ಲಿ ಶಾ ಇಸ್ಮಾಯಿಲ್ ಇರಾನನ್ನು ಶಿಯಾ ರಾಜ್ಯ ಎಂದು ಸಾರಿದ. ಅದಕ್ಕೂ ಮೊದಲು ಅಲ್ಲಿ ಸುನ್ನಿಗಳೇ ಹೆಚ್ಚು. ಒಂದೆರಡು ವರ್ಷದಲ್ಲೇ ವಿಜಯಪುರದಲ್ಲಿ ಯೂಸುಫ್ ಆದಿಲ್‌ಶಾಹಿ ಅದೇ ದಾರಿ ಹಿಡಿದ. ಅವನ ಮೊಮ್ಮಗ ಒಂದನೇ ಇಬ್ರಾಹಿಂ ಅದನ್ನು ಬಿಟ್ಟು ಸುನ್ನಿಯಾದ, ಇರಾನಿನಿಂದ ಬಂದವರನ್ನು ದೂರವಿಟ್ಟು ಇಲ್ಲಿಯವರೇ ಆದ ದಖನಿಗಳನ್ನು ಹತ್ತಿರ ಮಾಡಿಕೊಂಡ. ಮಗ ಅಲಿ, ಮುಂದೆ 1565ರಲ್ಲಿ ವಿಜಯನಗರದ ಮೇಲೆ ಹೋದ ಅದೇ ಅಲಿ, ಒಳಗೊಳಗೇ ಶಿಯಾ. ಕ್ಯಾಸ್ಪಿಯನ್ ದಡದಿಂದ ಬಂದು ವಿಜಯಪುರದ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾ ಹೇಳುವ ಕಥೆ ಇದು. ಒಂದು ದಿನ ಇಬ್ರಾಹಿಂ ಮಗನ ಎದುರು, ಅಪ್ಪ ಅಜ್ಜಂದಿರ ತಪ್ಪು ಮತವನ್ನು ಬಿಡುವ ಬುದ್ಧಿ ಕೊಟ್ಟನಲ್ಲ ದೇವರು ಎಂದು ಕೊಂಡಾಡಿದನಂತೆ. ಹುಡುಗ ತಡಮಾಡಲಿಲ್ಲ. ತಾವು ಹಿರಿಯರ ಮತ ಬಿಟ್ಟಿರಲ್ಲ, ಒಳ್ಳೆಯ ಮಕ್ಕಳು ಆ ಮೇಲ್ಪಂಕ್ತಿಯನ್ನೇ ಅನುಸರಿಸಬೇಕಲ್ಲವೇ ಅಂದ.

ಅಪ್ಪನಿಗೆ ಅರ್ಥವಾಯಿತು. ಮಗನಿಗೆ ಇದನ್ನೆಲ್ಲ ಕಲಿಸಿದವರು ಯಾರು ಎಂದು ವಿಚಾರಣೆ ನಡೆಯಿತು, ತಪ್ಪು ಬಂದು ಬಿದ್ದದ್ದು ಶಿರಾಜಿನ ಮೇಷ್ಟರ ತಲೆಗೆ.